ದೇಶ ನೋಡಿ ಬಂದವನು

ತುಮಕೂರಿನ ಬಡಗಣ ಅಂಚಿನಲ್ಲಿ, ಊರು ಮುಗಿದು ದಾರಿ ಮೊದಲಾಗುವ ಎಡೆಗೆ ಶಿರಾ ಗೇಟ್ ಎಂದು ಹೆಸರು. ಹೆಸರಿನಲ್ಲಿ ಬಾಗಿಲುಂಟು, ಅಲ್ಲಿ ನಿಂತವನ ಕಣ್ಣನ್ನು ಸೆಳೆಯುವುದು ರಸ್ತೆ. ಇಲ್ಲಿಂದ ಹೊರಟ ದಾರಿ ಸೀಬಿ ಕಳ್ಳಂಬೆಳ್ಳಗಳ ಮೇಲೆ ಹಾದು ಶಿರಾ ಪಟ್ಟಣವನ್ನು ಸೇರುವುದು. ಅಲ್ಲಿಂದ ಮುಂದೆ ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿಗಳನ್ನು ದಾಟಿ ಪುಣೆ ಮುಂಬಯಿಗಳವರೆಗೂ ಹೋಗುವುದು. ಹಗಲೂ ಇರುಳೂ ಈ ದಾರಿಗೆ ವಿಶ್ರಾಂತಿಯೆಂಬುದಿಲ್ಲ. ಇಂಥ ದಾರಿಯ ಬಾಯಲ್ಲಿ ಮನೆ ಮಾಡಿಕೊಂಡವರು ಎರಡು ಬಗೆಯಾಗಿರುವರು. ದಿನವೂ ದಾರಿಯನ್ನು ಕಂಡು, ಎಂದಾದರೊಂದು ದಿನ ಹೊರಟುಬಿಡಬೇಕೆಂದು ಹಂಬಲಿಸುವವರು ಕೆಲವರು. ದಿನವೂ ಕಾಣುವುದರಿಂದಲೇ ಅದನ್ನು ಮರೆತುಬಿಟ್ಟವರು ಹಲವರು. ಒಂದೇ ಮನೆಯಲ್ಲಿ ಈ ಎರಡು ಬಗೆಯವರೂ ಇರುವುದುಂಟು. ಒಬ್ಬನೇ ಮನುಷ್ಯನಲ್ಲಿ ಎರಡು ಬಗೆಯೂ ಇರುವುದುಂಟು.

ಅಂಥ ಮನೆಯೊಂದರಲ್ಲಿ ನಿವೃತ್ತರಾದ ಉಪಾಧ್ಯಾಯರೊಬ್ಬರು ಇರುವರು. ಮೂವತ್ತಮೂರು ವರ್ಷಕಾಲ ಮಾಧ್ಯಮಿಕ ಶಾಲೆಯ ಮಕ್ಕಳಿಗೆ ಚರಿತ್ರೆಯನ್ನೂ ಭೂಗೋಳವನ್ನೂ ಕಲಿಸಿದವರು. ಶಾಲೆಯವರು ಬೇಡವೆಂದು ತೆಗೆದಿಟ್ಟ ಏಷ್ಯಾಖಂಡದ ಭೂಪಟವೊಂದು ಅವರ ನಡುಮನೆಯ ಗೋಡೆಯ ಮೇಲೆ ತೂಗುತ್ತಿರುವುದು. ಅದರ ಅಂಚಿಗೆ ಅವರೇ ಬಟ್ಟೆ ಅಂಟಿಸಿರುವರು. ಯಾಂಗ್‌ಟ್ಸಿ ನದಿ ಎಲ್ಲಿ ಹುಟ್ಟಿ ಎಲ್ಲಿ ಕಡಲನ್ನು ಕೂಡುವುದೆಂಬುದನ್ನು ಕಣ್ಣು ಮುಚ್ಚಿ ಬೆರಳಿಟ್ಟು ತೋರಿಸಬಲ್ಲರು. ಆದರೆ ಶಾಲೆಯ ಮಕ್ಕಳೊಡನೆ ಹಂಪೆ, ಬಾದಾಮಿ, ಐಹೊಳೆಗಳಿಗೆ ಹೋಗಿಬಂದುದೇ ಅವರ ದೇಶಾಟನೆಯ ಮೇರೆ. ಮೂಲದಲ್ಲಿ ಕಳ್ಳಂಬೆಳ್ಳದ ಕಡೆಯ ಒಕ್ಕಲು ಮನೆತನ. ನಾಲ್ಕೆಕರೆ ಹೊಲ, ಅದರ ನಡುವೆ ಅವರ ತಂದೆ ತೋಡಿಸಿದ ಒಂದು ಬಾವಿ. ಬಾವಿಯ ನೀರು ಇಳಿಯುತ್ತಿಳಿಯುತ್ತ ಕೊನೆಗೆ ಕಾಣದಾಯಿತು. ಆಮೇಲೆ ಕೊರೆಯಿಸಿದ ಕೊಳವೆಬಾವಿಗಳೆರಡರಲ್ಲಿಯೂ ಧೂಳೆದ್ದಿತು. ಹೊಲವನ್ನು ಬೀಳುಗೆಡವಿ, ಸಂಸಾರವನ್ನು ಶಿರಾ ಗೇಟಿಗೆ ತಂದರು. ಮಾರಲಿಲ್ಲ.

ಇವರ ಒಬ್ಬನೇ ಮಗನು ಬೆಂಗಳೂರಿನಲ್ಲಿ ಗಣಕಯಂತ್ರದ ಕೆಲಸದಲ್ಲಿರುವ ತರುಣ. ತಂದೆ ಕಂಡು ಹಂಬಲಿಸಿದ ಭೂಪಟವನ್ನು ಮಗನು ಕಾಲಿನಿಂದ ಅಳೆಯುವ ಮನಸ್ಸು ಮಾಡಿದನು. 2018ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಆರು ವಾರಗಳ ರಜ ಪಡೆದು ಚೀನಾದೇಶಕ್ಕೆ ಹೊರಟನು. ಪೆಟ್ಟಿಯಿಲ್ಲ, ಹಾಸಿಗೆಯಿಲ್ಲ, ಜೊತೆಗಾರರಿಲ್ಲ. ಬೆನ್ನಿಗೆ ಏರಿಸಿಕೊಳ್ಳುವ ಚೀಲವೊಂದೇ. ಈ ಕಾಲದ ತರುಣರಿಗೆ ಇದೇ ಯಾತ್ರೆಯ ರೀತಿ: ಹೊತ್ತಷ್ಟೇ ಆಸ್ತಿ, ನಡೆದಷ್ಟೇ ದಾರಿ, ಸಿಕ್ಕಿದಲ್ಲಿ ಬಿಡಾರ. ತಾಯಿ ಆ ಚೀಲದ ಮೂಲೆಯಲ್ಲಿ ಚಟ್ನಿಪುಡಿಯ ಗಂಟೊಂದನ್ನು ತುರುಕಿದರು. ತಂದೆ ಭೂಪಟದ ಮುಂದೆ ನಿಂತು, “ಸಿಯಾನ್ ನಗರವನ್ನು ಬಿಡಬೇಡ, ಹ್ಯೂಯೆನ್‌ತ್ಸಾಂಗನು ಹೊರಟ ಊರು” ಎಂದಷ್ಟೇ ಹೇಳಿದರು.

ಚೀನಾ ದೇಶದ ಹಿರಿತನವನ್ನು ಪುಸ್ತಕದಲ್ಲಿ ಓದುವುದು ಬೇರೆ, ಬೆನ್ನಿನ ಮೇಲೆ ಹೊರೆ ಹೊತ್ತು ಅರಿಯುವುದು ಬೇರೆ. ವಿಸ್ತಾರದಲ್ಲಿ ಅದು ಭಾರತದ ಮೂರು ಪಟ್ಟಿಗೆ ಸಮೀಪವಾದುದು. ಆದರೂ ಇಡೀ ನಾಡಿಗೆಲ್ಲ ಒಂದೇ ಗಡಿಯಾರ. ಮೂಡಲ ಬೀಜಿಂಗಿನಲ್ಲಿ ಜನ ಕೆಲಸಕ್ಕೆ ಹೊರಡುವ ಹೊತ್ತಿಗೆ ಪಡುವಣ ಮರುಭೂಮಿಯ ಊರುಗಳಲ್ಲಿ ಇನ್ನೂ ಕತ್ತಲೆ. ತರುಣನು ಬೀಜಿಂಗಿನಲ್ಲಿ ಇಳಿದ ಮೊದಲ ದಿನ ಒಂದಕ್ಷರವೂ ತಿಳಿಯದೆ, ಅಂಗಡಿಯ ಹಲಗೆಗಳ ನಡುವೆ, ಓದು ಬಾರದ ಹಳ್ಳಿಗನು ಮೊದಲ ಸಲ ಪೇಟೆಗೆ ಬಂದಂತೆ ಸುತ್ತಿದನು. ಆದರೆ ಅವನ ಕೈಯಲ್ಲಿ ದೂರವಾಣಿಯಿದ್ದಿತು. ಅದಕ್ಕೆ ಹೇಳಿದ ಮಾತನ್ನು ಅದು ಚೀನೀ ಭಾಷೆಯಲ್ಲಿ ನುಡಿಯುವುದು. ಅವರು ಹೇಳಿದುದನ್ನು ಇಂಗ್ಲಿಷಿಗೆ ತಿರುಗಿಸುವುದು. ಬಾಯಿಯಿಲ್ಲದವನಿಗೆ ಬಾಯಿ ಬಂದಂತಾಯಿತು. ಆ ಬಾಯಿಂದ ಅವನು ಕೇಳಿದುದು ಮೂರೇ ಮಾತು: ದಾರಿ ಎತ್ತ, ಬೆಲೆ ಎಷ್ಟು, ಮಾಂಸವಿಲ್ಲದ ಊಟ ಉಂಟೆ.

ಮಹಾಗೋಡೆಯನ್ನು ಅವನು ಜಿನ್‌ಷಾನ್‌ಲಿಂಗ್ ಎಂಬಲ್ಲಿ ಕಂಡನು. ಬೆಟ್ಟದ ಬೆನ್ನೆಲುಬಿನ ಗುಂಟ ಏರಿ ಇಳಿದು, ಕಾವಲು ಬುರುಜುಗಳನ್ನು ಮಣಿಗಳಂತೆ ಪೋಣಿಸಿಕೊಂಡು, ಕಣ್ಣು ಸೋಲುವವರೆಗೂ ಗೋಡೆ. ಬೇರೆ ಬೇರೆ ಅರಸುಮನೆತನಗಳು ಕಟ್ಟಿಸಿದ ಗೋಡೆಗಳನ್ನೆಲ್ಲ ಕೂಡಿಸಿದರೆ 21,000 ಕಿಲೋಮೀಟರಿಗೂ ಮೀರುವುದೆಂದು 2012ರಲ್ಲಿ ಪ್ರಕಟವಾದ ಅಳತೆ ಹೇಳುವುದು. ಅಲ್ಲಿಂದ ಸಿಯಾನಿಗೆ ಹೊರಟನು. ಬೀಜಿಂಗಿನಿಂದ ಸುಮಾರು 1,200 ಕಿಲೋಮೀಟರಿನ ಆ ದೂರವನ್ನು ರೈಲುಬಂಡಿಯು ಐದಾರು ಗಂಟೆಗಳಲ್ಲಿ ನುಂಗಿಬಿಟ್ಟಿತು. ಕಿಟಕಿಯ ಹೊರಗೆ ಹೊಲಗಳು, ಮನೆಯಂಗಳದಲ್ಲಿ ತೂಗಬಿಟ್ಟ ಮುಸುಕಿನ ಜೋಳದ ಹಳದಿ ತೆನೆಗಳು, ಮತ್ತೆ ಹೊಲಗಳು. ಇವೆಲ್ಲ ಮಿಂಚಿ ಮಾಯವಾದುವು.

ಸಿಯಾನ್ ಎಂಬುದು ಹಳೆಯ ಚಾಂಗ್‌ಆನ್ ಪಟ್ಟಣ. ಮಿಂಗ್ ಅರಸರ ಕಾಲದಲ್ಲಿ, 1370ರ ದಶಕದಲ್ಲಿ, ಕಟ್ಟಿದ ಕೋಟೆಯ ಗೋಡೆ ಈಗಲೂ ಸುತ್ತ 13 ಕಿಲೋಮೀಟರಿಗೂ ಹೆಚ್ಚಿನ ಉದ್ದಕ್ಕೆ ಮುಕ್ಕಾಗದೆ ನಿಂತಿದೆ. ಪಟ್ಟಣದ ಹೊರಗೆ, ಲಿಂಟಾಂಗ್ ಎಂಬ ಸೀಮೆಯಲ್ಲಿ, ಕ್ರಿಸ್ತಪೂರ್ವ 210ರಲ್ಲಿ ತೀರಿಕೊಂಡ ಚಿನ್ ಷಿ ಹುವಾಂಗ್ ಚಕ್ರವರ್ತಿಯ ಸಮಾಧಿಯ ಕಾವಲಿಗಾಗಿ ಹೂತಿಟ್ಟ ಸುಟ್ಟಮಣ್ಣಿನ ಸೈನಿಕರಿರುವರು. ಆಳೆತ್ತರದ ಸಾವಿರಾರು ಯೋಧರು; ಒಬ್ಬನ ಮುಖ ಇನ್ನೊಬ್ಬನಂತಿಲ್ಲ. ಎರಡು ಸಾವಿರಕ್ಕೂ ಹೆಚ್ಚು ವರ್ಷ ಇವರ ಸುಳಿವೇ ಯಾರಿಗೂ ಇರಲಿಲ್ಲ. 1974ರ ಮಾರ್ಚಿಯಲ್ಲಿ ಆ ಊರಿನ ರೈತರು ಬಾವಿ ತೋಡುವಾಗ ಮಣ್ಣಿನ ತಲೆಯೊಂದು ಗುದ್ದಲಿಗೆ ತಗುಲಿತು. ತರುಣನು ಜನಜಂಗುಳಿಯಲ್ಲಿ ಮುಂದಕ್ಕೆ ನುಗ್ಗಿ ಬೇಕಾದಷ್ಟು ಚಿತ್ರಗಳನ್ನು ತೆಗೆದುಕೊಂಡನು.

ತಂದೆಯ ಮಾತನ್ನು ಅವನು ಮರೆಯಲಿಲ್ಲ. ಹ್ಯೂಯೆನ್‌ತ್ಸಾಂಗನು ಭಾರತದಿಂದ ತಂದ ಗ್ರಂಥಗಳನ್ನಿರಿಸಲು 652ರಲ್ಲಿ ಕಟ್ಟಿಸಿದ ದೊಡ್ಡ ಹಂಸಗೋಪುರಕ್ಕೆ ಹೋದನು. ಏಳು ನೆಲೆಗಳ ಇಟ್ಟಿಗೆಯ ಗೋಪುರ. ಅದರ ಮುಂದಣ ಬಯಲಿನಲ್ಲಿ ದಂಡ ಹಿಡಿದು ನಿಂತ ಭಿಕ್ಷುವಿನ ಕಂಚಿನ ವಿಗ್ರಹ. ಬೆನ್ನಿಗೆ ಚೌಕಟ್ಟು ಕಟ್ಟಿ ಗ್ರಂಥದ ಹೊರೆ ಹೊತ್ತು ನಡೆಯುವಂತೆ ಈತನನ್ನು ಚಿತ್ರಿಸುವುದು ಆ ನಾಡಿನ ವಾಡಿಕೆ. ಬೆನ್ನಚೀಲದ ಯಾತ್ರಿಕರಿಗೆ ಒಬ್ಬ ಕುಲಪುರುಷನು ಬೇಕಾದರೆ ಇವನಿಗಿಂತ ಯೋಗ್ಯನು ಇನ್ನಾರು? ಚಕ್ರವರ್ತಿಯ ಅಪ್ಪಣೆಯಿಲ್ಲದೆ ನಾಡಿನ ಎಲ್ಲೆ ದಾಟಿ, ಮರುಭೂಮಿಗಳನ್ನೂ ಹಿಮದ ಕಣಿವೆಗಳನ್ನೂ ಹಾದು, ಹದಿನಾರು ಹದಿನೇಳು ವರ್ಷ ಸುತ್ತಿ, 645ರಲ್ಲಿ ಹಿಂದಿರುಗಿದಾಗ 657 ಗ್ರಂಥಗಳನ್ನು ಇಪ್ಪತ್ತು ಕುದುರೆಗಳ ಮೇಲೆ ಹೇರಿಸಿ ತಂದನು. ಸುಮಾರು 641ರಲ್ಲಿ ಆತನು ಚಾಲುಕ್ಯರ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೂ ಬಂದಿದ್ದನು. ಅಲ್ಲಿಯ ಜನ ಉಪಕಾರ ಮಾಡಿದವರನ್ನು ಮರೆಯರು, ಅಪಮಾನ ಮಾಡಿದವರನ್ನು ಬಿಡರು. ಹಗೆ ತೀರಿಸುವ ಮುನ್ನ ಎಚ್ಚರಿಕೆ ಕೊಟ್ಟು ಹೋಗುವರು. ಹರ್ಷನ ದಂಡಿಗೂ ಅವರು ಮಣಿಯಲಿಲ್ಲ ಎಂಬ ಅಭಿಪ್ರಾಯವನ್ನು ಬರೆದಿಟ್ಟನು. ಅವನ ಪುಸ್ತಕದಲ್ಲಿ ಪ್ರತಿಯೊಂದು ನಾಡಿಗೂ ಒಂದೇ ಕ್ರಮ: ಸುತ್ತಳತೆ ಎಷ್ಟು, ಮಣ್ಣು ಎಂಥದು, ಏನು ಬೆಳೆಯುವರು, ಹವೆ ಹೇಗೆ, ಜನರ ಸ್ವಭಾವವೇನು. ಈ ಸಂಗತಿಯನ್ನು ತಂದೆ ಮೂವತ್ತಮೂರು ಸಲ ಮೂವತ್ತಮೂರು ತರಗತಿಗಳಿಗೆ ಹೇಳಿದ್ದರು. ಮಗನೂ ಅಂಥ ಒಂದು ತರಗತಿಯಲ್ಲಿ ಕುಳಿತು ಕೇಳಿದ್ದನು. ಗೋಪುರದ ಮುಂದೆ ನಿಂತು ತನ್ನ ಚಿತ್ರವನ್ನು ತೆಗೆದು ತಂದೆಗೆ ಕಳುಹಿಸಿದನು.

ಸಿಯಾನಿನಲ್ಲಿ ಅವನು ಒಂದು ಚಿಕ್ಕ ಬಿಡಾರದಲ್ಲಿ ಐದು ದಿನ ಇದ್ದನು. ಅದರ ಯಜಮಾನಿಯು ಈತನು ಮಾಂಸ ಮುಟ್ಟುವುದಿಲ್ಲವೆಂಬುದನ್ನು ಮೊದಲ ರಾತ್ರಿಯೇ ಗಮನಿಸಿ, ಮರುದಿನದಿಂದ ಇವನಿಗೆಂದೇ ಬಾಣಲೆಯೊಂದನ್ನು ಬೇರೆ ಇರಿಸಿ, ಸೊಪ್ಪು ಹಾಕಿ ಶಾವಿಗೆ ಮಾಡಿಕೊಟ್ಟಳು. ಹುವಾಷಾನ್ ಪರ್ವತಕ್ಕೆ ಹೊರಟ ದಿನ ಕಟ್ಟಿಕೊಟ್ಟ ಬುತ್ತಿಗೆ ಹಣವನ್ನೂ ತೆಗೆದುಕೊಳ್ಳಲಿಲ್ಲ.

ಹುವಾಷಾನಿನದು ಐದು ಶಿಖರಗಳ ಪರ್ವತ. ತೆಂಕಣ ಶಿಖರದ ಎತ್ತರ 2,154 ಮೀಟರು. ಬಂಡೆಯಲ್ಲಿ ಕಡಿದ ಮೆಟ್ಟಿಲು, ಮೆಟ್ಟಿಲಿಗೆ ಕಬ್ಬಿಣದ ಸರಪಳಿ, ಸರಪಳಿಯ ಆಚೆ ಶೂನ್ಯ. ಸೂರ್ಯೋದಯವನ್ನು ಕಾಣಲೆಂದು ಜನರು ಇರುಳೆಲ್ಲ ಏರುವರು. ಹೆಗಲ ಮೇಲೆ ಅಡ್ಡೆ ಕಟ್ಟಿ ನೀರಿನ ಸೀಸೆಗಳನ್ನೂ ತರಕಾರಿಯನ್ನೂ ಹೊತ್ತ ಕೂಲಿಯಾಳುಗಳು ಅದೇ ಮೆಟ್ಟಿಲುಗಳಲ್ಲಿ ಏದುತ್ತ ಏರುವರು. ದಣಿದು ಕುಳಿತ ತರುಣನ ಪಕ್ಕದಲ್ಲಿ ಮೊಮ್ಮಗನೊಡನೆ ಬಂದ ಮುದುಕನೊಬ್ಬನು ಕುಳಿತು, ಕೆಂಪಗೆ ಹಣ್ಣಾದ ಪರ್ಸಿಮನ್ ಹಣ್ಣೊಂದನ್ನು ಕೈಗೆ ಕೊಟ್ಟು, ದೂರವಾಣಿಯನ್ನು ತನ್ನ ಬಾಯಿಗೆ ಹಿಡಿದು ಏನೋ ಕೇಳಿದನು. ಯಂತ್ರವು ತಿರುಗಿಸಿ ಹೇಳಿತು: ನಿಮ್ಮ ಊರಿನಲ್ಲಿ ಬೆಟ್ಟಗಳುಂಟೆ? “ಉಂಟು, ಸಣ್ಣವು” ಎಂದನು ತರುಣ. ಮುದುಕನು ಇನ್ನೂ ಏನನ್ನೋ ಕೇಳಬೇಕೆಂದು ಕಾದು, ಸುಮ್ಮನಾದನು. ಮಧುಗಿರಿಯ ಏಕಶಿಲೆಯ ಬೆಟ್ಟವನ್ನು ಶಿರಾ ಗೇಟಿನವರು ಹೊತ್ತು ಏರುವಷ್ಟರಲ್ಲಿ ಹೋಗಿ ಮುಟ್ಟಬಹುದು. ತರುಣನು ಅದನ್ನು ಒಮ್ಮೆಯೂ ಹತ್ತಿರಲಿಲ್ಲ.

ಕೊನೆಯ ವಾರ ಪಡುವಣಕ್ಕೆ ಹೋಗಿ ದುನ್‌ಹುವಾಂಗಿನ ಗುಹೆಗಳನ್ನು ಕಂಡನು. 366ರಲ್ಲಿ ಮೊದಲ ಗುಹೆಯನ್ನು ಕೊರೆದರೆಂದು ಪ್ರತೀತಿ. ಸಾವಿರ ವರ್ಷಕಾಲ ಒಂದರ ಪಕ್ಕದಲ್ಲೊಂದನ್ನು ಕೊರೆಯುತ್ತಲೇ ಹೋದರು. ವರ್ಣಚಿತ್ರಗಳೂ ಶಿಲ್ಪಗಳೂ ಉಳಿದಿರುವ ಗುಹೆಗಳು 492. ದಾರಿ ತೋರಿಸುವವಳು ಕೈದೀಪವನ್ನು ಹಾಯಿಸಿದೆಡೆಯಲ್ಲಿ ಗೋಡೆಯಿಂದ ಒಂದು ಲೋಕ ಎದ್ದುಬರುವುದು, ದೀಪ ಸರಿದೊಡನೆ ಅಡಗುವುದು. ಒಳಗೆ ಚಿತ್ರ ತೆಗೆಯಬಾರದೆಂದು ಕಟ್ಟಪ್ಪಣೆ. ಹೊರಗೆ ಬಂದಾಗ ಅವನಿಗೆ ಏನೋ ಕಳೆದುಕೊಂಡಂತಾಯಿತು.

ಅಕ್ಟೋಬರ್ ತಿಂಗಳ ಕೊನೆಗೆ ಮಗನು ಮನೆಗೆ ಬಂದನು. ಅಂದು ರಾತ್ರಿ ಊಟವಾದ ಮೇಲೆ ನಡುಮನೆಯಲ್ಲಿ ಚಿತ್ರಪ್ರದರ್ಶನವಾಯಿತು. ಗೋಡೆ, ಗೋಪುರ, ಪರ್ವತ, ರೈಲು. ಎಲ್ಲದರ ಮುಂದೆಯೂ ತರುಣನ ನಗುಮುಖ. ನೆರೆಮನೆಯವರು ಕಂಡು ಬೆರಗಾಗಿ ಎದ್ದುಹೋದರು. ತಂದೆ ಮಾತ್ರ ಮಣ್ಣಿನ ಸೈನಿಕರ ಚಿತ್ರವನ್ನು ಮತ್ತೊಮ್ಮೆ ತೋರಿಸುವಂತೆ ಕೇಳಿ, ಕನ್ನಡಕವನ್ನು ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

“ಬಾವಿ ತೋಡುವಾಗ ಸಿಕ್ಕಿದುವೆಂದೆಯಲ್ಲ. ಬಾವಿಯಲ್ಲಿ ನೀರು ಬಂದಿತೆ?”

ಮಗನು ಮಾತಾಡಲಿಲ್ಲ. ಈ ಪ್ರಶ್ನೆ ಅಲ್ಲಿದ್ದ ಸಹಸ್ರಾರು ಪ್ರೇಕ್ಷಕರಲ್ಲಿ ಒಬ್ಬರಿಗಾದರೂ ಹೊಳೆದಿದ್ದಿತೋ ಇಲ್ಲವೋ, ಅವನಿಗಂತೂ ಹೊಳೆದಿರಲಿಲ್ಲ. ತಂದೆ ಮುಂದುವರಿಸಿದರು. ಎಷ್ಟು ಆಳ ತೋಡಿದ್ದರು? ಆ ಮಣ್ಣು ಎಂಥದು, ಕೆಂಪೋ ಕಪ್ಪೋ? ಅಂಗಳದಲ್ಲಿ ತೂಗಬಿಟ್ಟ ಜೋಳ ಮನುಷ್ಯರಿಗೋ, ದನಗಳಿಗೋ? ಪರ್ವತದ ಮೇಲೆ ಹೊರೆ ಹೊರುವವನು ಒಂದು ಸಲಕ್ಕೆ ಎಷ್ಟು ತೂಕ ಹೊರುವನು, ಅವನಿಗೆ ದಿನಕ್ಕೆ ಎಷ್ಟು ಸಿಕ್ಕುವುದು? ಗುಹೆಯ ಗೋಡೆಯ ಮೇಲೆ ಏನು ಬರೆದಿದ್ದರು? ಕೇಳುವುದರಲ್ಲಿ ಪರೀಕ್ಷಿಸುವ ಭಾವವಿರಲಿಲ್ಲ. ನಲವತ್ತು ವರ್ಷ ಬೆರಳಿನಿಂದ ಸವರಿದ ಭೂಪಟದೊಳಗೆ ಒಬ್ಬನು ಹೋಗಿ ಬಂದಿರುವಾಗ, ಅಲ್ಲಿಯ ಸುದ್ದಿ ಕೇಳುವ ಹಸಿವು ಅದು. ತಾಯಿಯೂ ಒಂದು ಮಾತು ಕೇಳಿದರು: “ನಿನಗೆ ಬೇರೆ ಬಾಣಲೆಯಿಟ್ಟು ಅಡಿಗೆ ಮಾಡಿದಳಲ್ಲ, ಆ ತಾಯಿಯ ಹೆಸರೇನು?”

ಅದನ್ನೂ ಅವನು ಕೇಳಿರಲಿಲ್ಲ.

“ಹೋಗಲಿ, ದಣಿದು ಬಂದಿದ್ದೀಯೆ, ಮಲಗು” ಎಂದರು ತಂದೆ. ಗದರಿಸಿದ್ದರೆ ಮಗನಿಗೆ ಇಷ್ಟು ನೋಯುತ್ತಿರಲಿಲ್ಲ.

ನಿದ್ರೆ ಬಾರದೆ ಅವನು ತಂದೆಯ ಪುಸ್ತಕಗಳ ಬೀರುವನ್ನು ತಡಕಿದನು. ಹಳೆಯ ರಟ್ಟಿನ ನೋಟ್‌ಪುಸ್ತಕವೊಂದು ಕೈಗೆ ಬಂದಿತು. ಅದರಲ್ಲಿ ತಂದೆ ತಮ್ಮ ದುಂಡಕ್ಷರಗಳಲ್ಲಿ ಫ್ರಾನ್ಸಿಸ್ ಬುಕಾನನನ ಪ್ರವಾಸಗ್ರಂಥದಿಂದ ಈ ಸೀಮೆಗೆ ಸಂಬಂಧಿಸಿದ ಭಾಗಗಳ ಸಾರವನ್ನು ಕನ್ನಡದಲ್ಲಿ ಬರೆದಿಟ್ಟಿದ್ದರು. ಬುಕಾನನನು ಸ್ಕಾಟ್ಲೆಂಡಿನ ವೈದ್ಯ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಹೊಸದಾಗಿ ಕೈಸೇರಿದ ನಾಡುಗಳನ್ನು ಪರಿಶೀಲಿಸಿ ಬರುವಂತೆ ಗವರ್ನರ್ ಜನರಲ್ ವೆಲ್ಲೆಸ್ಲಿಯು ಅವನನ್ನು ಕಳುಹಿಸಿದನು. 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟು, ಆ ವರ್ಷದ ಮಳೆಗಾಲದಲ್ಲಿ ಶಿರಾ, ಮಧುಗಿರಿ, ತುಮಕೂರು, ಗುಬ್ಬಿಗಳ ಸೀಮೆಯನ್ನು ಸುತ್ತಿದನು. ಅವನ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಕಂಪನಿಯ ಲಾಭಕ್ಕಾಗಿ ಬಂದವನೆಂಬುದು ದಿಟ; ಅವನು ಕಂಡುದೆಲ್ಲ ಸರಿಯೆಂದು ಒಪ್ಪಬೇಕಾದುದಿಲ್ಲವೆಂಬುದೂ ದಿಟ. ಆದರೆ ಅವನು ಕೇಳಿದನು. ಹೊಲದ ಒಡೆಯನನ್ನು ನಿಲ್ಲಿಸಿ, ರಾಗಿಯನ್ನು ಯಾವ ತಿಂಗಳಲ್ಲಿ ಬಿತ್ತುವೆ, ಬೀಜವೆಷ್ಟು, ಬೆಳೆಯೆಷ್ಟು ಎಂದು ಕೇಳಿದನು. ಕಪಿಲೆಬಾವಿಯ ಬಳಿ ನಿಂತು, ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ತೊಗಲ ಬಾನಿ ಮೇಲೇರುವ ಬಗೆಯನ್ನು ನೋಡಿದನು. ಮಧುಗಿರಿಯ ಸೀಮೆಯಲ್ಲಿ ಮಳೆಯ ನೀರು ಬಂಡೆಗಳಿಂದ ಕೊಚ್ಚಿ ತರುವ ಕರಿಮರಳನ್ನು ಕರಗಿಸಿ ಕಬ್ಬಿಣ ತೆಗೆಯುವುದನ್ನು ಕಂಡು, ಕುಲುಮೆಯ ಲೆಕ್ಕವನ್ನು ಬರೆದುಕೊಂಡನು. ಆ ಕುಲುಮೆಗಳು ಇಂದು ಇಲ್ಲ. ಅವುಗಳ ಸಂಗತಿಯನ್ನು ಇಂದಿನವರು ತಿಳಿಯಬಲ್ಲರಾದರೆ, ಅದಕ್ಕೆ ಕಾರಣ ಭಾಷೆ ಬಾರದ ಆ ಹೊರಗಿನವನ ಪ್ರಶ್ನೆಗಳು.

ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲಿ ಬುಕಾನನನದಲ್ಲದ ಬರವಣಿಗೆ ನಾಲ್ಕು ಸಾಲು ಇದ್ದಿತು. “ಶಿರಾ ಗೇಟಿನಿಂದ ಶಿರಾದವರೆಗೆ. ಕಾಲ್ನಡಿಗೆ. ಸೀಬಿ, ಕಳ್ಳಂಬೆಳ್ಳಗಳಲ್ಲಿ ತಂಗುವುದು. ಮೂರು ದಿನ. ಇಬ್ಬರು.” ಕೆಳಗೆ ಬರೆದ ತಾರೀಖು ತಂದೆ ನಿವೃತ್ತರಾದ ವರ್ಷದ್ದು, 2009. ಇಬ್ಬರೆಂದರೆ ಯಾರೆಂದು ಮಗನು ಯಾರನ್ನೂ ಕೇಳಬೇಕಾಗಿರಲಿಲ್ಲ. ಆ ವರ್ಷದ ಬೇಸಿಗೆಯಲ್ಲಿ ತಂದೆ ಒಂದೆರಡು ಸಲ ಮಾತೆತ್ತಿದ್ದುದೂ, ಬಸ್ಸಿನಲ್ಲಿ ಒಂದು ಗಂಟೆಯ ದಾರಿಗೆ ಮೂರು ದಿನ ನಡೆಯುವವರುಂಟೆ ಎಂದು ತಾನು ನಕ್ಕುದೂ ನೆನಪಾಯಿತು. ಈ ಒಂಬತ್ತು ವರ್ಷಗಳಲ್ಲಿ ತಂದೆಯ ಮೊಣಕಾಲುಗಳು ಸೋತಿದ್ದುವು. ಸಂತೆಗೆ ಹೋಗುವುದಕ್ಕೂ ಈಗ ಕೋಲು ಬೇಕು.

2019ರ ಸಂಕ್ರಾಂತಿ ಕಳೆದ ಮೇಲೆ ಒಂದು ನಸುಕಿನಲ್ಲಿ, ಮಹಾಗೋಡೆಯನ್ನು ಕಂಡ ಅದೇ ಚೀಲವನ್ನು ಬೆನ್ನಿಗೇರಿಸಿ, ತರುಣನು ಶಿರಾ ಗೇಟಿನಿಂದ ನಡೆದು ಹೊರಟನು. ಒಟ್ಟು ಸುಮಾರು 50 ಕಿಲೋಮೀಟರಿನ ದಾರಿ. ಚೀಲದಲ್ಲಿ ಒಂದು ಹೊಸ ನೋಟ್‌ಪುಸ್ತಕ. ದೂರವಾಣಿಯು ಅದರ ಅಡಿಯಲ್ಲಿ.

ಹೆದ್ದಾರಿಯ ಬದಿಯಲ್ಲಿ ನಡೆಯುವುದು ಸುಖದ ಕೆಲಸವಲ್ಲ. ಲಾರಿಗಳ ಗಾಳಿ ಮನುಷ್ಯನನ್ನು ಪಕ್ಕಕ್ಕೆ ತಳ್ಳುವುದು. ಆದರೆ ನೂರು ಹೆಜ್ಜೆ ಒಳಕ್ಕೆ ಸರಿದರೆ ಹೊಲದ ಬದುಗಳುಂಟು. ರಾಗಿಯ ಕುಯ್ಲು ಮುಗಿದು ಮೆದೆಗಳೆದ್ದಿದ್ದುವು. ಹುಣಿಸೆಯ ಮರಗಳಲ್ಲಿ ಕಾಯಿ ತೂಗುತ್ತಿದ್ದಿತು. ಕಣದಲ್ಲಿ ಹುರುಳಿ ಬಡಿಯುತ್ತಿದ್ದ ಹೆಂಗಸೊಬ್ಬಳ ಬಳಿ ಅವನು ನಿಂತನು. ತನ್ನದೇ ನುಡಿಯಲ್ಲಿ ಪ್ರಶ್ನೆ ಕೇಳುವುದು ಯಂತ್ರದ ಮೂಲಕ ಕೇಳುವುದಕ್ಕಿಂತ ಕಷ್ಟವೆಂಬುದು ಅವನಿಗೆ ಅಂದು ತಿಳಿಯಿತು. ಪರದೇಶದಲ್ಲಿ ಅರಿಯದವನೆನಿಸಿಕೊಳ್ಳುವುದಕ್ಕೆ ನಾಚಿಕೆಯಿಲ್ಲ. ಮನೆಯಿಂದ ನಾಲ್ಕು ಹರದಾರಿಯಲ್ಲಿ ಹುರುಳಿಯನ್ನು ಯಾವಾಗ ಬಿತ್ತುವರೆಂದು ಕೇಳುವುದಕ್ಕೆ ನಾಲಗೆ ಏಳದು. ಆದರೂ ಕೇಳಿದನು. ಅವಳು ಮೊದಲು ಅವನ ಚೀಲವನ್ನು ನೋಡಿ ನಕ್ಕಳು, ಆಮೇಲೆ ಹೇಳಿದಳು, ಹೇಳುತ್ತ ಹೇಳುತ್ತ ಅವನನ್ನು ಕೂರಿಸಿ, ಮಜ್ಜಿಗೆ ಕೊಟ್ಟಳು. ಅವನು ಹೆಸರು ಕೇಳಿ ಬರೆದುಕೊಂಡನು.

ಸೀಬಿಯ ನರಸಿಂಹಸ್ವಾಮಿಯ ದೇವಾಲಯವನ್ನು ಅವನು ಬಸ್ಸಿನ ಕಿಟಕಿಯಿಂದ ನೂರು ಸಲ ಕಂಡಿದ್ದನು. ಒಳಗೆ ಹೋಗಿ ತಲೆಯೆತ್ತಿದುದು ಇದೇ ಮೊದಲು. ಟಿಪ್ಪುವಿನ ಕಾಲದ ಅಧಿಕಾರಿ ಕಚೇರಿ ಕೃಷ್ಣಪ್ಪನ ಮಕ್ಕಳಾದ ಮೂವರು ಸಹೋದರರು ಕಟ್ಟಿಸಿದ ಗುಡಿ ಅದು. ಅದರ ಮಂಟಪದ ಮಾಳಿಗೆಯ ತುಂಬ ವರ್ಣಚಿತ್ರಗಳು: ಪುರಾಣದ ಕಥೆಗಳು, ದರಬಾರಿನ ವೈಭವ, ಸಾಲುಸಾಲಾಗಿ ಜನ. ಬಣ್ಣ ಅಲ್ಲಲ್ಲಿ ಮಾಸಿದೆ, ಗಾರೆ ಉದುರಿದೆ. ಐದು ಸಾವಿರ ಮೈಲಿ ತಿರುಗಿ ದುನ್‌ಹುವಾಂಗಿನಲ್ಲಿ ಕೈದೀಪದ ಬೆಳಕಿನಲ್ಲಿ ಕಂಡುದಕ್ಕೂ ಇದಕ್ಕೂ ಹೋಲಿಕೆಯಿಲ್ಲ; ಅದು ಹಿರಿದು, ಇದು ಕಿರಿದು. ಕಿರಿದಾದರೂ, ಇಲ್ಲಿ ಕತ್ತು ನೋಯುವವರೆಗೆ ನಿಲ್ಲುವವನನ್ನು ಹೊರಡು ಎನ್ನುವವರಿಲ್ಲ. ಅವನು ಒಂದೊಂದು ಚಿತ್ರವನ್ನೂ ಮಾತಿನಲ್ಲಿ ಬರೆದುಕೊಳ್ಳುತ್ತ ಸಂಜೆಯವರೆಗೂ ನಿಂತನು. ದುನ್‌ಹುವಾಂಗಿನಲ್ಲಿ ಹೀಗೆ ನೋಡಿದ್ದರೆ, ತಂದೆಗೆ ಹೇಳಲು ಒಂದು ಗೋಡೆಯಷ್ಟಾದರೂ ಉಳಿಯುತ್ತಿದ್ದಿತು.

ಎರಡನೆಯ ದಿನದ ಇಳಿಹೊತ್ತಿಗೆ ಕಳ್ಳಂಬೆಳ್ಳವನ್ನು ಸೇರಿದನು. ಏರ್ಪಾಟಿನಂತೆ ತಂದೆ ಬಸ್ಸಿನಲ್ಲಿ ಬಂದು ಕಾದಿದ್ದರು. ಇಬ್ಬರೂ ಆಟೋರಿಕ್ಷಾ ಹಿಡಿದು ಹಳ್ಳಿಯ ದಾರಿಯಲ್ಲಿ ಹೋಗಿ, ಕೊನೆಯ ಒಂದು ಫರ್ಲಾಂಗನ್ನು ಮಗನ ತೋಳಿನ ಮೇಲೆ ತಂದೆ, ತಂದೆಯ ಕೋಲಿನ ಹೆಜ್ಜೆಗೆ ಮಗ, ಹೀಗೆ ನಡೆದರು. ಹೊಲದಲ್ಲಿ ಜಾಲಿ ಬೆಳೆದಿದ್ದಿತು. ನಡುವೆ ಬಾವಿ, ಕಲ್ಲು ಕಟ್ಟಡ ಇನ್ನೂ ಗಟ್ಟಿ. ಕಪಿಲೆಯ ಎತ್ತುಗಳು ಇಳಿಯುತ್ತಿದ್ದ ಇಳಿಜಾರು ಹುಲ್ಲಿನಡಿಯಲ್ಲಿ ಗುರುತು ಸಿಕ್ಕುವಂತಿದ್ದಿತು. ಒಳಗೋಡೆಯ ಸಂದಿಯಿಂದ ಅರಳಿಯ ಗಿಡವೊಂದು ಎದ್ದು ನಿಂತಿದ್ದಿತು. ತಳದಲ್ಲಿ ಒಣಗಿದ ಎಲೆಗಳು.

ಮಗನು ಚೀಲವನ್ನಿಳಿಸಿ ಬಾವಿಕಟ್ಟೆಯ ಮೇಲೆ ಕುಳಿತು, ನೋಟ್‌ಪುಸ್ತಕವನ್ನು ತೆರೆದನು.

“ಎಷ್ಟು ಆಳ ತೋಡಿದ್ದರು?”

ತಂದೆ ಕೋಲನ್ನು ಕಟ್ಟೆಗೆ ಒರಗಿಸಿ ಹೇಳತೊಡಗಿದರು. ಏಳಾಳು ಆಳ. ಎರಡು ಬೇಸಿಗೆ ಹಿಡಿಯಿತು. ಮೊದಲ ಬೇಸಿಗೆಯಲ್ಲಿ ಮೂರಾಳಿನ ಕೆಳಗೆ ಬಂಡೆ ತಾಕಿ, ತಾತನು ಕೆಲಸವನ್ನು ನಿಲ್ಲಿಸಿ, ಒಂದು ಜೊತೆ ಎತ್ತು ಮಾರಿ, ಮರುವರ್ಷ ಕಲ್ಲೊಡ್ಡರನ್ನು ಕರೆಯಿಸಿದನು. ಸೆಲೆ ಒಡೆದುದು ಬಡಗುಪಡುವಣ ಮೂಲೆಯಲ್ಲಿ, ಮಧ್ಯಾಹ್ನದ ಹೊತ್ತು. ಮೇಲಿದ್ದವರಿಗೆ ಮೊದಲು ಕೇಳಿಸಿದುದು ನೀರಿನ ಸದ್ದಲ್ಲ, ಕೆಳಗಿದ್ದವನ ನಗು. ಮೊದಲ ಬಿಂದಿಗೆಯನ್ನು ಅಜ್ಜಿ ಅರಿಸಿನ ಕುಂಕುಮವಿಟ್ಟು ಎತ್ತಿಗೆ ಕುಡಿಸಿದಳು. ಆಗ ತಮಗೆ ಆರು ವರ್ಷ. ನೀರು ಸಿಹಿಯಾಗಿರಲಿಲ್ಲ, ಸ್ವಲ್ಪ ಒಗರು. ಆದರೂ ಎಲ್ಲರೂ ಸಿಹಿಯೆಂದರು.

ಹೊತ್ತು ಮುಳುಗುವವರೆಗೆ ಮಗನು ಬರೆದನು. ಮೂಲೆಗಳ ದಿಕ್ಕು ತಪ್ಪಿದಾಗ ತಂದೆ ಪುಸ್ತಕವನ್ನು ತೆಗೆದುಕೊಂಡು, ಉಪಾಧ್ಯಾಯರ ಅಭ್ಯಾಸದಂತೆ, ಬಡಗಣಕ್ಕೆ ಬಾಣವಿಟ್ಟು ಬಾವಿಯ ಚಿಕ್ಕ ನಕ್ಷೆಯನ್ನು ತಾವೇ ಬರೆದುಕೊಟ್ಟರು.

ಕತ್ತಲಾಗುತ್ತಿದ್ದಂತೆ ತಂದೆಯೇ ಎದ್ದರು. ಕಳ್ಳಂಬೆಳ್ಳದಿಂದ ಶಿರಾಕ್ಕೆ ಇನ್ನೊಂದು ದಿನದ ನಡಿಗೆ ಉಳಿದಿದ್ದಿತು. ಎಪ್ಪತ್ತು ವರ್ಷ ಮೊಗಲರ ಸುಬಾದ ರಾಜಧಾನಿಯಾಗಿದ್ದ ಪಟ್ಟಣ. ದಿಲಾವರ್ ಖಾನನ ಕಾಲದಲ್ಲಿ ಅಲ್ಲಿ ಐವತ್ತು ಸಾವಿರ ಮನೆಗಳಿದ್ದುವೆಂದು ಪ್ರತೀತಿ. 1651ರಲ್ಲಿ ತೀರಿಕೊಂಡ ಮಲಿಕ್ ರಿಹಾನನ ಗೋರಿಯೂ 1696ರ ಜುಮ್ಮಾ ಮಸೀದಿಯೂ ಈಗಲೂ ಅಲ್ಲಿ ನಿಂತಿರುವುವು.

“ನಾಳೆ ಬಸ್ಸಿನಲ್ಲಿ ಹೋಗಿ ಮಸೀದಿಯ ಮುಂದೆ ಕಾದಿರುವೆ” ಎಂದರು ತಂದೆ. “ನೀನು ನಡೆದು ಬಾ. ಅವಸರ ಬೇಡ. ಕೆರೆಯ ಹಿಂದಣ ಗದ್ದೆಗಳಲ್ಲಿ ಈ ವರ್ಷ ಏನು ಬೆಳೆದಿರುವರೋ, ಕೇಳಿಕೊಂಡು ಬಾ.”